ಹಸಿ ಕಸಕ್ಕೆ ಮಿಂಚಿನ ಕುಲುಮೆ

2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು, ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು. ಅಲ್ಲಿನ ಕುಟುಂಬಗಳು ಮನೆ ತೊರೆಯಬೇಕಾಯಿತು. ಇಂತಹ ರಾಶಿಗಳಿಂದ ಕಂಗೆಟ್ಟ ಪಟ್ಟಣಗಳಿಗೆ, ಕಸವನ್ನು ಕಣ್ಮರೆ ಮಾಡಿ ವಿದ್ಯುತ್ತನ್ನೂ ಕೊಡುವ ಪ್ಲಾಸ್ಮಾ ಅನಿಲೀಕರಣ ವರದಾನವಾಗಿ ತೋರಿದರೆ ಆಶ್ಚರ್ಯವಿಲ್ಲ.

ಈ ವಿಧಾನದಲ್ಲಿ ವಿದ್ಯುತ್ ಚಾಪವೊಂದು ಅನಿಲವನ್ನು 5,000 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸುತ್ತದೆ. ಒಂದು ಬಗೆಯಲ್ಲಿ ಕುಲುಮೆಯೊಳಗೆ ಕಟ್ಟಿಹಾಕಿದ ಮಿಂಚು. ಆಮ್ಲಜನಕ ಕಡಿಮೆಯಿರುವುದರಿಂದ ಕಸ ಪೂರ್ತಿ ಉರಿಯದೆ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳಾಗಿ ಒಡೆಯುತ್ತದೆ. ಮಣ್ಣು, ಗಾಜು, ಲೋಹಗಳು ಕರಗಿ ಗಾಜಿನಂತಹ ಕಿಟ್ಟವಾಗುತ್ತವೆ. ಅನಿಲವನ್ನು ಶುದ್ಧಗೊಳಿಸಿ ಉರಿಸಿದರೆ ವಿದ್ಯುತ್ ದೊರೆಯುತ್ತದೆ. ಇಷ್ಟರಮಟ್ಟಿಗೆ ವಿಜ್ಞಾನ ಸರಿಯಾಗಿಯೇ ಇದೆ.

ಆದರೆ ಕುಲುಮೆಗೆ ಬೀಳುವ ಕಸ ಎಂತಹದು? ಭಾರತದ ಪಟ್ಟಣಗಳ ಕಸದಲ್ಲಿ ಸುಮಾರು ಅರ್ಧ ಪಾಲು ಅಡುಗೆಮನೆ ಮತ್ತು ಸಂತೆಗಳ ಹಸಿ ತ್ಯಾಜ್ಯ. ಒಂದು ಲೀಟರ್ ನೀರನ್ನು ಆವಿಯಾಗಿಸಲು 600 ಕಿಲೋ ಕ್ಯಾಲೊರಿಗೂ ಮಿಗಿಲಾದ ಶಾಖ ಬೇಕು. ಬಾಳೆ ಎಲೆ, ಹಳಸಿದ ಅನ್ನ, ಕೊಳೆತ ಟೊಮೆಟೊಗಳನ್ನು ಕುಲುಮೆಗೆ ಸುರಿದರೆ ಹುಟ್ಟುವ ಶಕ್ತಿಯ ದೊಡ್ಡ ಪಾಲು ಅವುಗಳನ್ನು ಒಣಗಿಸುವುದಕ್ಕೇ ಹೋಗುತ್ತದೆ. ಆಷಾಢದ ಮಳೆಯಲ್ಲಿ ನೆನೆದ ಮಲೆನಾಡಿನ ಕಸದ ಮಾತಂತೂ ಹೇಳುವುದೇ ಬೇಡ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ನೆರವಿನಿಂದ ಕಟ್ಟಿದ, ದಿನಕ್ಕೆ 300 ಟನ್ ಕಸ ಸುಡುವ ಸ್ಥಾವರ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಅದು ಪ್ಲಾಸ್ಮಾ ಅಲ್ಲ, ಸಾಮಾನ್ಯ ದಹನ. ಆದರೆ ಅದನ್ನು ನಿಲ್ಲಿಸಿದ್ದು ಸಾಕಷ್ಟು ಉರಿಯುವ ಸತ್ವವಿಲ್ಲದ ಇದೇ ಕಸ.

ಒಣ ಕಸವಿರುವ ಶ್ರೀಮಂತ ದೇಶಗಳಲ್ಲೂ ಕಥೆ ಸುಖಾಂತವಾಗಿಲ್ಲ. ಇಂಗ್ಲೆಂಡಿನ ಟೀಸ್ ವ್ಯಾಲಿಯಲ್ಲಿ ಏರ್ ಪ್ರಾಡಕ್ಟ್ಸ್ ಕಂಪನಿ ಎರಡು ಬೃಹತ್ ಪ್ಲಾಸ್ಮಾ ಸ್ಥಾವರಗಳಿಗೆ ಕೈಹಾಕಿ, 2016ರ ಏಪ್ರಿಲ್‌ನಲ್ಲಿ ಆ ಉದ್ಯಮವನ್ನೇ ಕೈಬಿಟ್ಟಿತು. ಅದು ಅಂದಾಜಿಸಿದ ನಷ್ಟ 90ರಿಂದ 100 ಕೋಟಿ ಡಾಲರ್. ಜಪಾನಿನ ಉತಾಶಿನಾಯ್‌ನಲ್ಲಿ 2003ರಲ್ಲಿ ಆರಂಭವಾದ ಸ್ಥಾವರ 2013ರಲ್ಲಿ ಮುಚ್ಚಿತು.

ಹಣದ ನಷ್ಟಕ್ಕಿಂತ ಹಳ್ಳಿಗರು ಗಮನಿಸಬೇಕಾದದ್ದು ಇಂತಹ ಯಂತ್ರದ ಹಸಿವನ್ನು. ಅದಕ್ಕೆ ದಿನವೂ ಇಷ್ಟು ಟನ್ ಎಂದು ಕಸ ಬೇಕೇ ಬೇಕು. ಕಸ ಕಡಿಮೆ ಮಾಡಿದ ಊರು ಆಗ ಒಪ್ಪಂದ ಮುರಿದ ಊರಾಗುತ್ತದೆ! ಇತ್ತ ಅಡಿಕೆ ಬೆಳೆಗಾರ ಗೊಬ್ಬರಕ್ಕಾಗಿ ಸೊಪ್ಪಿನ ಬೆಟ್ಟದ ದರಕನ್ನು ಕೊನೆಯ ಎಲೆಯವರೆಗೂ ಗುಡಿಸಿ ತರುತ್ತಿರುವಾಗ, ಅತ್ತ ತೋಟಕ್ಕೆ ಬರಬೇಕಾದ ಸಾರ ಸಾವಿರಾರು ಡಿಗ್ರಿಯ ಕುಲುಮೆ ಸೇರುವುದು ಯಾವ ಲೆಕ್ಕದಲ್ಲಿ ಲಾಭ? ಹಸಿ ಕಸ ಮನೆಯಲ್ಲೇ ಬೇರೆಯಾದರೆ ಅದು ಗೊಬ್ಬರಗುಂಡಿಗೋ ಗೋಬರ್ ಅನಿಲ ಘಟಕಕ್ಕೋ ಹೋಗುತ್ತದೆ. ಕಾಗದ, ಲೋಹ, ಗಟ್ಟಿ ಪ್ಲಾಸ್ಟಿಕ್ ಗುಜರಿಗೆ. ಆಮೇಲೆ ಉಳಿಯುವುದು ಸ್ವಲ್ಪ. ಅದರಿಂದ ದೊಡ್ಡ ಸ್ಥಾವರದ ಹೊಟ್ಟೆ ತುಂಬದು.

ಕಾರ್ಖಾನೆಗಳ ವಿಷಕಾರಿ ತ್ಯಾಜ್ಯಕ್ಕೆ ಈ ಕುಲುಮೆಯ ಉಪಯೋಗವಿದೆ; ಪುಣೆ ಸಮೀಪದ ರಾಂಜಣಗಾಂವ್‌ನಲ್ಲಿ ಅದಕ್ಕೆಂದೇ ಒಂದನ್ನು ಕಟ್ಟಲಾಯಿತು. ಊರ ಕಸದ ಹೆಸರಿನಲ್ಲಿ ಯೋಜನೆ ಬಂದಾಗಲಾದರೋ ಕೇಳಬೇಕಾದ ಪ್ರಶ್ನೆಗಳು ಬೇರೆ. ಕಸದಲ್ಲಿ ತೇವಾಂಶವೆಷ್ಟು? ಸ್ಥಾವರವೇ ತಿನ್ನುವ ವಿದ್ಯುತ್ ಕಳೆದು ಹೊರಗೆ ಬರುವುದೆಷ್ಟು? ಅನಿಲ ತೊಳೆದ ನೀರು ಯಾವ ಹಳ್ಳಕ್ಕೆ? ಕಸ ಕಡಿಮೆಯಾದರೆ ದಂಡ ಯಾರಿಗೆ? ಉತ್ತರಗಳು ಲಿಖಿತವಾಗಿ ಬರುವ ತನಕ ಗೋಮಾಳ ಬಿಟ್ಟುಕೊಡುವ ಠರಾವಿಗೆ ಗ್ರಾಮಸಭೆ ಒಪ್ಪಬೇಕಾಗಿಲ್ಲ.