ಹಸಿ ಹಾಲು, ಬೆನ್ನುನೋವು
ದೆಹಲಿ, ನೋಯಿಡಾ, ಗುರುಗ್ರಾಮಗಳ ಕನ್ನಡಿಗರಲ್ಲಿ ಹಲವರಿಗೆ ಡೈರಿಯವನು ಕಣ್ಣೆದುರೇ ಕರೆದುಕೊಟ್ಟ ಹಾಲೇ ಬೇಕು. ತಪ್ಪೇನಿಲ್ಲ, ಆದರೆ ಕಾಯಿಸದೆ ಕುಡಿಯಬಾರದು. ಸೋಂಕು ತಗುಲಿದ ಹಸು, ಎಮ್ಮೆ, ಆಡುಗಳ ಹಸಿ ಹಾಲಿನಿಂದ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ದೇಹ ಸೇರಿ, ಕೆಲವರಲ್ಲಿ ಬೆನ್ನುಮೂಳೆ, ಸೊಂಟದ ಕೀಲುಗಳಲ್ಲಿ ಬೇರೂರುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಬೆನ್ನುನೋವು ಕಂಡು ಕ್ಷಯವೆಂದು ತಿಳಿಯುವ ಸಂಭವವಿದೆ. ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ತಿಳಿಸಬೇಕು. ಆಗ ಸರಿಯಾದ ರಕ್ತಪರೀಕ್ಷೆಗೆ ದಾರಿಯಾಗುತ್ತದೆ. ಚಿಕಿತ್ಸೆಗೆ ಕನಿಷ್ಠ 6 ವಾರ, ಬೆನ್ನುಮೂಳೆಗಾದರೆ ಇನ್ನೂ ಹೆಚ್ಚು.

2019ರಲ್ಲಿ ಸಮೀಪದ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಲಾಗುತ್ತದೆ. ಮನುಷ್ಯರಿಗೆ ಅಂಥ ಲಸಿಕೆಯಿಲ್ಲ. ಕುದಿಸಿದ ಹಾಲೇ ರಕ್ಷಣೆ. ಸಂಘಗಳು ತಮ್ಮ ಪೂಜೆಯ ಪಂಚಾಮೃತಕ್ಕೂ ಕಾಯಿಸಿ ಆರಿಸಿದ ಹಾಲನ್ನೇ ಬಳಸಲಿ. ಭಕ್ತಿಗೆ ಅದರಿಂದ ಕುಂದಿಲ್ಲ.