ದೂರದ ನೋಟ

ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳ ನದೀತೀರದಲ್ಲಿ ಟಿಟ್ಟಿಭ ಹಕ್ಕಿಯ ಕೂಗು ಕೇಳಿಬರುತ್ತದೆ. ಹಳದಿ ಕಾಲಿನ ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಸಣ್ಣ ತಗ್ಗಿನಲ್ಲಿ ಸಾಮಾನ್ಯವಾಗಿ 4 ಮೊಟ್ಟೆಗಳನ್ನಿಡುತ್ತದೆ. ಮಚ್ಚೆಗಳುಳ್ಳ ಆ ಮೊಟ್ಟೆಗಳು ಹರಳುಗಳ ನಡುವೆ ಹರಳುಗಳಂತೆಯೇ ತೋರುತ್ತವೆ. ಗಂಡುಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ಬಿಸಿಲೇರಿದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುತ್ತವೆ. ಸುಮಾರು 4 ವಾರಗಳಲ್ಲಿ ಮರಿಗಳು ಹೊರಬಂದು ಬಹುಬೇಗ ಓಡಾಡತೊಡಗುತ್ತವೆ. ಹಿರಿಯ ಹಕ್ಕಿ ಎಚ್ಚರಿಸಿದೊಡನೆ ನೆಲಕ್ಕಂಟಿ ನಿಶ್ಚಲವಾಗುತ್ತವೆ.

ಇದನ್ನೆಲ್ಲ ಹತ್ತಿರ ಹೋಗಿಯೇ ನೋಡಬೇಕೆಂದು ಕೆಲವರು ಬಯಸುತ್ತಾರೆ; ಚಿತ್ರ ತೆಗೆಯುವ ಆಸೆಯಿಂದ ಗೂಡಿನ ಬಳಿಯೇ ನಿಲ್ಲುತ್ತಾರೆ. ಆಗ ಹಕ್ಕಿಗಳು ಕಾವು ಬಿಟ್ಟೆದ್ದು ತಲೆಯ ಮೇಲೆ ಕೂಗುತ್ತ ಸುತ್ತುತ್ತವೆ. ಇತ್ತ ಮೊಟ್ಟೆಗಳು ಬಿಸಿಲಿಗೆ ಕಾಯುತ್ತವೆ. ಒಳಗಿನ ಜೀವ ಬೆಂದುಹೋಗಬಹುದು. ಹತ್ತಿರ ನಿಂತವನಿಗೆ ಕಾಣುವುದು ಹಕ್ಕಿಯ ಭಯವೊಂದೇ. ದೂರ ನಿಂತು ತಾಳ್ಮೆಯಿಂದ ನೋಡುವವನಿಗೆ ಅದರ ಸಂಸಾರವೇ ಕಾಣುತ್ತದೆ. ಆದುದರಿಂದ ಹಕ್ಕಿ ಕೂಗಿದೊಡನೆ ಹಿಂದೆ ಸರಿಯುವುದೇ ಪಕ್ಷಿವೀಕ್ಷಣೆಯ ಮೊದಲ ಪಾಠವೆಂದು ನನ್ನ ಅಭಿಪ್ರಾಯ.

ಪಂಚತಂತ್ರದ ಟಿಟ್ಟಿಭವು ತನ್ನ ಮೊಟ್ಟೆಗಳಿಗಾಗಿ ಕಡಲನ್ನೇ ಎದುರಿಸಿತು. ಇಂದಿನ ಟಿಟ್ಟಿಭಕ್ಕೆ ನಮ್ಮನ್ನು ಎದುರಿಸುವ ಸ್ಥಿತಿ ಬಾರದಿರಲಿ.