ಹಳೆಯ ನಕಾಶೆಗಳಲ್ಲಿ ಮುಂಬಯಿಯ ನೀರಿನ ನೆಲೆ

ಮಳೆಗಾಲ ಬಂತೆಂದರೆ ಹಿಂದ್‌ಮಾತಾ, ಪರೇಲ್, ಸಯನ್ ಪರಿಸರದ ರಸ್ತೆಗಳು ಜಲಾವೃತವಾಗುವುದು ಮುಂಬಯಿ ನಿವಾಸಿಗಳಾದ ನಮಗೆ ಹೊಸತೇನಲ್ಲ. ಪ್ರತಿಸಲವೂ ಚರಂಡಿಯ ಹೂಳನ್ನೂ ಮಹಾನಗರಪಾಲಿಕೆಯನ್ನೂ ದೂರಿ ಸುಮ್ಮನಾಗುತ್ತೇವೆ. ಆದರೆ ಈ ನಗರದ ಹಳೆಯ ನಕಾಶೆಗಳನ್ನು ಹರಡಿ ನೋಡಿದರೆ, ಇಂದು ನಿಲ್ಲುವ ನೀರಿಗೆ ಇನ್ನೂರು ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆಯೆಂಬುದು ಮನವರಿಕೆಯಾಗುತ್ತದೆ.

ಮುಂಬಯಿ ಮೂಲತಃ ಏಳು ದ್ವೀಪಗಳ ಸಮೂಹ. ಉಬ್ಬರದ ವೇಳೆ ಮಹಾಲಕ್ಷ್ಮಿ ಹಾಗೂ ವರ್ಲಿಯ ನಡುವಣ ಕಂಡಿಯಿಂದ ಸಮುದ್ರದ ನೀರು ಒಳನುಗ್ಗಿ ತಗ್ಗುಭೂಮಿಯನ್ನು ಮುಳುಗಿಸುತ್ತಿತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ ಆರಂಭವಾಗಿ 1784ರ ಸುಮಾರಿಗೆ ಪೂರ್ಣಗೊಂಡ ಒಡ್ಡು ಆ ಕಂಡಿಯನ್ನು ಮುಚ್ಚಿತು. ಕಡಲು ಹಿಂದೆ ಸರಿಯಿತು. ತಗ್ಗು ಮಾತ್ರ ತಗ್ಗಾಗಿಯೇ ಉಳಿಯಿತು. ಕ್ರಮೇಣ ಅದರ ಮೇಲೆ ಮಣ್ಣು ಬಿದ್ದು ಕಾಮಾಠಿಪುರದಂತಹ ಬಡಾವಣೆಗಳು ಎದ್ದವು.

1865ರಿಂದ 1872ರವರೆಗೆ ಲಾಟನ್ ಎಂಬ ಸೇನಾಧಿಕಾರಿ ನಡೆಸಿದ ಸರ್ವೇಕ್ಷಣೆಯಲ್ಲಿ ನಗರದ ಮನೆಮನೆ, ಗಲ್ಲಿಗಲ್ಲಿಗಳೂ ದಾಖಲಾದವು. ಕೋಟೆಯ ಗೋಡೆಗಳು ಆಗತಾನೇ ಕೆಡವಲ್ಪಟ್ಟಿದ್ದ ಕಾಲವದು. 1896ರ ಪ್ಲೇಗಿನ ತರುವಾಯ 1898ರಲ್ಲಿ ಸ್ಥಾಪನೆಗೊಂಡ ನಗರ ಸುಧಾರಣಾ ಟ್ರಸ್ಟ್ ಕಿಕ್ಕಿರಿದ ಕೇರಿಗಳನ್ನು ಸೀಳಿ ಅಗಲ ರಸ್ತೆಗಳನ್ನು ತೆರೆಯಿತು. ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳನ್ನು ರೂಪಿಸಿತು. ದಕ್ಷಿಣ ಭಾರತೀಯರು ನೆಲೆಯೂರಿದ, ನಮ್ಮ ಉಡುಪಿ ಹೋಟೆಲುಗಳ ಪರಿಮಳ ಹಬ್ಬಿದ ಮಾಟುಂಗಾ ಹೀಗೆ ನಕಾಶೆಯಲ್ಲಿ ಮೂಡಿತು. ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳನ್ನು ಗುರುತಿಸಿದ ಹಾಳೆಗಳನ್ನು ಇಂದು ನೋಡಿದರೆ, 1982ರ ಮುಷ್ಕರದ ಅನಂತರ ಅಲ್ಲಿ ಎದ್ದ ಮಾಲ್‌ಗಳೂ ಗಗನಚುಂಬಿ ಕಟ್ಟಡಗಳೂ ಕಣ್ಣಮುಂದೆ ಬರುತ್ತವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕನ್ನಡಿಗರನ್ನು ಮಾತ್ರ ಯಾವ ನಕಾಶೆಯೂ ತೋರಿಸುವುದಿಲ್ಲ.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ಪರಿಶೀಲಿಸುವ ನಾವು ಮೂವತ್ತು ವರ್ಷಗಳ ಹಕ್ಕುಪತ್ರಗಳನ್ನು ಶೋಧಿಸುತ್ತೇವೆ. ಜಾಗ ಯಾರಿಂದ ಯಾರಿಗೆ ಬಂತೆಂದು ಕೇಳುತ್ತೇವೆ. ಅದಕ್ಕೂ ಮೊದಲು ಅಲ್ಲಿ ಏನಿತ್ತು, ಗದ್ದೆಯೋ, ಕೆರೆಯೋ, ಕಡಲಿನ ಹಿನ್ನೀರೋ ಎಂದು ಕೇಳುವ ಪರಿಪಾಠವಿಲ್ಲ. ಸಾಲ ಪಡೆದು ಮನೆ ಕೊಂಡವರು ಇಪ್ಪತ್ತು ವರ್ಷ ಕಂತು ಕಟ್ಟುವುದು ಆ ನೆಲದ ಮೇಲೆಯೇ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಗರದ ಹಳೆಯ ಮಳೆನೀರ ಕಾಲುವೆಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಗಷ್ಟೇ ನಿರ್ಮಿತವಾದವು. ಅದೂ ಕಡಲು ಇಳಿತದಲ್ಲಿರುವಾಗ. ವಿಹಾರ್ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಮಾಹಿಮ್ ಕೊಲ್ಲಿ ಸೇರುವ ಮೀಠಿ ನದಿಯ ದಾರಿಯನ್ನು ನಾವು ಬಹಳ ಹಿಂದೆಯೇ ಕಿರಿದುಗೊಳಿಸಿದ್ದೆವು. ಬಾಂದ್ರಾ-ಕುರ್ಲಾ ಸಂಕೀರ್ಣ ತಲೆಯೆತ್ತಿದ್ದು ಅದರ ಜೌಗುನೆಲದ ಮೇಲೆ. ಆ ದಿನ ನದಿ ತನ್ನ ಹಳೆಯ ಪಾತ್ರವನ್ನು ಮರಳಿ ಪಡೆಯಿತು. ಪ್ರಾಣಹಾನಿಯ ನೋವನ್ನು ಈ ನಗರ ಮರೆತಿಲ್ಲ.

ಆದರೂ ಅದೇ ಹಾದಿಯನ್ನು ಬಿಟ್ಟಿಲ್ಲ. ಧಾರಾವಿ ಪುನರಭಿವೃದ್ಧಿಯ ವಸತಿಗಾಗಿ ಪೂರ್ವ ಉಪನಗರಗಳ ಉಪ್ಪಿನಾಗರಗಳನ್ನು ಬಳಸಲು 2024ರಲ್ಲಿ ರಾಜ್ಯ ಸರಕಾರ ನಿರ್ಧರಿಸಿತು. ಬಡವರಿಗೆ ಸೂರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಪ್ಪಿನಾಗರಗಳು ಉಬ್ಬರದ ನೀರನ್ನೂ ಮಳೆನೀರನ್ನೂ ತಂಗಿಸಿಕೊಳ್ಳುವ ತಗ್ಗುಗಳೆಂಬುದನ್ನು ಕರಾವಳಿಯಿಂದ ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಮನೆ ಪಡೆಯುವವರೇ ಮುಂದೆ ನೆರೆಗೆ ಗುರಿಯಾದರೆ ಅದು ಪುನರ್ವಸತಿಯಾಗದು.

ಹಳೆಯ ನಕಾಶೆಗಳು ಕೇವಲ ಸಂಗ್ರಹಾಲಯದ ಅಲಂಕಾರವಾಗದಿರಲಿ. ಪ್ರತಿಯೊಂದು ಹೊಸ ಯೋಜನೆಗೂ ಸಹಿ ಬೀಳುವ ಮುನ್ನ ಆ ಜಾಗದ ಹಳೆಯ ನಕಾಶೆಯೊಂದು ಮೇಜಿನ ಮೇಲಿರಲಿ ಎಂಬುದು ನಮ್ಮ ಆಗ್ರಹ.